ಇಜೊಮಾರಣ್ಣನ ಅಂಗೈ ತಕ್ಕಡಿ

ಬೆಲೇಮ್ ನಗರದ ನಮ್ಮ ಗುವಾಮಾ ಬಡಾವಣೆಯಲ್ಲಿ ಯಾರೇ ಆಗಲಿ, ಕರೆಂಟಿನ ಸಾಮಾನು ಕೊಳ್ಳುವ ಮುಂಚೆ ಅದನ್ನು ಬಲ ಅಂಗೈ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಮೂರು ಸಲ ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡುತ್ತಿದ್ದರು. ಫ್ಯಾನಾದರೂ ಅಷ್ಟೆ, ಇಸ್ತ್ರಿಪೆಟ್ಟಿಗೆಯಾದರೂ ಅಷ್ಟೆ. ನಮ್ಮ ಇಗರ್ಜಿಯ ಪಾದ್ರಿಗಳು ಹೊಸ ಆಂಪ್ಲಿಫೈಯರ್ ತರಲು ಹೋಗಿ ಅಂಗಡಿಯ ನಡುವೆ ಹೀಗೆ ಕಣ್ಣು ಮುಚ್ಚಿ ನಿಂತರಂತೆ. ಪ್ರಾರ್ಥನೆ ನಡೆಯುತ್ತಿದೆ ಎಂದುಕೊಂಡು ಅಂಗಡಿಯವನೂ ಟೋಪಿ ತೆಗೆದನಂತೆ. ಈ ಚಾಳಿಯನ್ನು ಇಡೀ ಬಡಾವಣೆಗೆ ಹತ್ತಿಸಿದವನು ಒಬ್ಬನೇ, ನಮ್ಮ ಪಕ್ಕದ ಮನೆಯ ಇಜೊಮಾರಣ್ಣ.

ನಾನು ಲಿಂಡಾಲ್ವಾ. ಅಸಾಯಿ ಹಣ್ಣು ಅರೆದು ಮಾರುವವಳು. ನನ್ನ ಯಂತ್ರಕ್ಕೂ ಅವನ ಹಿತ್ತಲಿಗೂ ನಡುವೆ ಒಂದು ಹಲಗೆಯ ಗೋಡೆ ಬಿಟ್ಟರೆ ಬೇರೇನಿಲ್ಲ, ಆ ಹಲಗೆಗಳಿಗೂ ವಯಸ್ಸಾಗಿ ಸಂದು ಬಿಟ್ಟಿವೆ. ಹಾಗಾಗಿ ಅವನ ಮನೆಯಲ್ಲಿ ಆಡಿದ ಮಾತು ನನ್ನ ಕಿವಿಗೆ ಬೀಳುವುದು ನನ್ನ ತಪ್ಪಲ್ಲ. ಬೀಳದಿದ್ದರೆ ನಾನೇ ಎದ್ದು ಹೋಗಿ ಕೇಳುತ್ತೇನೆ, ಅದು ಬೇರೆ ಮಾತು.

ಇಜೊಮಾರಣ್ಣ ಮೂವತ್ತು ವರ್ಷದಿಂದ ಬಯಲು ಕುಣಿತಗಳಿಗೆ ಹಾಡು ಹಾಕುವ 'ಕೆಂಪು ಗ್ವಾರಾ' ಸೌಂಡ್ ಸಿಸ್ಟಮ್ಮಿನ ಕರೆಂಟ್ ಮೇಸ್ತ್ರಿ. ಅವನು ಕೆಲಸ ಕಲಿತ ಕಾಲದಲ್ಲಿ ಆಂಪ್ಲಿಫೈಯರ್ ಎಂದರೆ ಒಳಗೆ ಕಬ್ಬಿಣದ ಗಟ್ಟಿ, ಅದರ ಸುತ್ತ ತಾಮ್ರದ ತಂತಿ. ತಾಮ್ರ ಕದ್ದವನ ಪೆಟ್ಟಿಗೆ ಹಗುರ, ಕದಿಯದವನ ಪೆಟ್ಟಿಗೆ ಭಾರ. ಆಗ ಅಂಗೈಯಲ್ಲಿ ತೂಗುವುದು ಮೂಢನಂಬಿಕೆಯಾಗಿರಲಿಲ್ಲ, ವಿದ್ಯೆಯಾಗಿತ್ತು. ಅವನು ಕೈಯಲ್ಲಿ ಎತ್ತಿ 'ಇದು ಟೊಳ್ಳು' ಎಂದರೆ ಅಂಗಡಿಯವರು ವಾದಿಸದೆ ಒಳಗಿಂದ ಬೇರೆ ತರುತ್ತಿದ್ದರು. ಅವನು ಮಾತ್ರ ಐವತ್ತೆರಡು ಕೇಜಿಯ ಮನುಷ್ಯ. ಹೆಣ್ಣು ಕೇಳಲು ಹೋದಾಗ ಅವನ ಅತ್ತೆ ಅವನನ್ನೇ ಒಂದು ಸಲ ಎತ್ತಿ ನೋಡಬೇಕಿತ್ತು ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು.

ಕೆಂಪು ಗ್ವಾರಾದ ಒಡತಿ ದೋನಾ ಓಸ್ಮಾರಿನಾ. ದೋನಾ ಎಂದರೆ ನಮ್ಮಲ್ಲಿ ಅಮ್ಮಾವರು ಎಂದ ಹಾಗೆ. ಅರವತ್ತೊಂದರ ಹೆಂಗಸು. ಅಪ್ಪ ಬಿಟ್ಟುಹೋದ ನಾಲ್ಕು ಸ್ಪೀಕರಿನಿಂದ ಶುರುಮಾಡಿ ನಲವತ್ತು ಮಾಡಿದವರು. ಹಾಡು ಹಾಕುವವರೂ ಅವರೇ, ಮೈಕ್ ಹಿಡಿಯುವವರೂ ಅವರೇ. ಮೈಕ್ ಕೈಯಲ್ಲಿದ್ದರೆ ಕುಡಿಯಲು ನೀರು ಕೇಳುವುದೂ ಮೈಕಿನಲ್ಲೇ. ಗ್ವಾರಾ ಎಂದರೆ ನಮ್ಮ ನದಿ ದಂಡೆಯ ಕೆಂಪು ಹಕ್ಕಿ, ಈ ವರ್ಷ ಅವರು ವೇದಿಕೆಗೆಂದು ಅದರದೇ ಆಕಾರದ, ಎರಡಾಳು ಎತ್ತರದ ಹೊಸ ಹಕ್ಕಿ ಮಾಡಿಸಿದ್ದರು. ಅದರ ಎದೆಯೊಳಗೆ ಅವರು ನಿಂತು ಹಾಡು ಹಾಕಬೇಕು, ಅದರ ರೆಕ್ಕೆಗಳ ತುಂಬ ಪರದೆ, ಪರದೆಯ ಮೇಲೆ ಬೆಂಕಿ, ಮಿಂಚು, ಕುಣಿಯುವವರ ಹೆಸರುಗಳು. ಹಿಂದೆ ಈ ಚಿತ್ರಗಳನ್ನು ಓಡಿಸುತ್ತಿದ್ದ ಕಂಪ್ಯೂಟರು ಬೀರುವಿನಷ್ಟಿತ್ತು, ಲಾರಿಯಲ್ಲಿ ಕೂತಿರುತ್ತಿತ್ತು. ಅಲ್ಲಿಂದ ಎಳೆದ ಕೇಬಲ್ಲು ಪ್ರತಿ ಮಧ್ಯಾಹ್ನದ ಮಳೆಗೂ ನೆನೆದು ಮುಷ್ಕರ ಹೂಡುತ್ತಿತ್ತು. ಈಗ ಹಕ್ಕಿಯ ಕತ್ತಿನೊಳಗೇ ಕೂರುವಂಥ ಪುಟ್ಟ ಕಂಪ್ಯೂಟರು ಬೇಕು, ಶಕ್ತಿ ಮಾತ್ರ ಹಳೆಯದರ ನಾಲ್ಕರಷ್ಟಿರಬೇಕು ಎಂದು ದೋನಾ ಹಟ ಹಿಡಿದರು.

ಅದನ್ನು ಜೋಡಿಸಿದವಳು ಇಜೊಮಾರಣ್ಣನ ಮಗಳು ಜಸಿಯಾರಾ. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಅಪ್ಪನಿಗಿಂತ ಎರಡು ಪಟ್ಟು ಮೊಂಡು. ಪೆಟ್ಟಿಗೆ ಬಿಸ್ಕತ್ತಿನ ದೊಡ್ಡ ಡಬ್ಬದಷ್ಟೇ ಇತ್ತು. ಒಳಗೆ ಎಲ್ಲವನ್ನೂ ಅವಳೇ ಕೂರಿಸಿದಳು. ಒಳಗಿನ ಸಾಮಾನಿಗೆಲ್ಲ ಕರೆಂಟ್ ಹಂಚುವ ಡಬ್ಬಿ, ಪವರ್ ಸಪ್ಲೈ, ಒಂದು ಬಾಕಿ ಉಳಿಯಿತು. ಅದನ್ನು ಆರಿಸುವ ಹಕ್ಕನ್ನು ಇಜೊಮಾರಣ್ಣ ಬಿಟ್ಟುಕೊಡಲಿಲ್ಲ.

"ಚಿತ್ರ ನಿಂದು, ಕರೆಂಟ್ ನಂದು" ಎಂದ.

"ಅಪ್ಪಾ, ಜಾಗ ಇರೋದು ಇಷ್ಟೇ ಇಷ್ಟು. ಚಿಕ್ಕ ಜಾತೀದು ಬೇಕು, ಏಳುನೂರೈವತ್ತು ವ್ಯಾಟಿಂದು."

"ಏಳುನೂರೈವತ್ತು ವ್ಯಾಟ್ ಚಿಕ್ಕದ್ರಲ್ಲಿ ಎಲ್ಲಿಂದ ಬರುತ್ತೆ? ಆನೆ ಇಲಿ ಬಿಲದಲ್ಲಿ ಮಲ್ಗುತ್ತಾ?"

ದೋನಾ ಓಸ್ಮಾರಿನಾ ಅವನಿಗೆ ಒಂದು ಮಾತು ಹೇಳಿಯೇ ಕಳಿಸಿದ್ದರು. ಭಾನುವಾರ ನದಿ ದಂಡೆಯಲ್ಲಿ ಹೊಸ ಹಕ್ಕಿಯ ಮೊದಲ ಕುಣಿತ. ಎಲ್ಲ ಬಡಾವಣೆಯವರೂ ಬರುತ್ತಾರೆ. ಅವತ್ತು ರೆಕ್ಕೆ ಕಪ್ಪಾದರೆ, ಸೋಮವಾರದಿಂದ ಕರೆಂಟು, ಪರದೆ ಎರಡನ್ನೂ ದಕ್ಷಿಣದಿಂದ ಬಂದ ಒಂದು ಕಂಪನಿಗೆ ಗುತ್ತಿಗೆ ಕೊಡುವುದು, ಇಜೊಮಾರ್ ಮನೆಯಲ್ಲಿ ಜೋಲಿ ಕಟ್ಟಿಕೊಂಡು ಮಲಗುವುದು. ಕಂಪನಿಯವನು ಆಗಲೇ ಬಂದು ಹಕ್ಕಿಯ ಅಳತೆ ತೆಗೆದುಕೊಂಡು ಹೋಗಿದ್ದ. ಮೂವತ್ತು ವರ್ಷದ ಕೆಲಸ ಒಂದು ಡಬ್ಬಿಯ ಮೇಲೆ ನಿಂತಿತು.

ಅವನು ಪೇಟೆಗೆ ಹೋಗಿ ತಂದ ಪವರ್ ಸಪ್ಲೈ ಮೇಲೆ ಏಳುನೂರೈವತ್ತು ಎಂದು ಬೆಂಕಿಯ ಅಕ್ಷರದಲ್ಲಿ ಬರೆದಿತ್ತು. 'ಅಸಲಿ ವ್ಯಾಟಾ?' ಎಂದು ಕೇಳಿದ್ದಕ್ಕೆ ಅಂಗಡಿಯವನು ತಾಯಿಯ ಮೇಲೆ ಆಣೆ ಮಾಡಿದ್ದನಂತೆ. ಎರಡೂವರೆ ಕೇಜಿ ಗಟ್ಟಿ ತೂಕ. ಬೀದಿಯುದ್ದಕ್ಕೂ ಎಲ್ಲರ ಕೈಗೂ ಕೊಟ್ಟು ತೂಗಿಸಿಕೊಂಡೇ ಬಂದ. ನಾನೂ ಕಣ್ಣು ಮುಚ್ಚಿ ಆಡಿಸಿದೆ, ಭಲೆ ಎಂದೆ. ಅದು ಆ ಪುಟ್ಟ ಪೆಟ್ಟಿಗೆಯೊಳಗೆ ಹೋಗುವ ಮಾತೇ ಇರಲಿಲ್ಲ, ಅದರ ಬಾಯಿಗಿಂತ ಇದೇ ಅಗಲವಾಗಿತ್ತು.

"ಪೆಟ್ಗೆ ಹಿಂದ್ಗಡೆ ಕತ್ತರಿಸಿಬಿಡೋಣ" ಎಂದು ಇಜೊಮಾರಣ್ಣ ಗರಗಸ ತೆಗೆದ.

ಜಸಿಯಾರಾ ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡಳು. "ಗರಗಸ ಕೆಳಗಿಡು ಅಪ್ಪಾ! ಮೊದ್ಲು ನಿನ್ ಡಬ್ಬಿ ಹೊಟ್ಟೇಲಿ ಏನಿದೆ ನೋಡೋಣ."

ನಾಲ್ಕು ಸ್ಕ್ರೂ ಬಿಚ್ಚಿದಳು. ಒಳಗೆ ಹೆಬ್ಬೆರಳಿನಷ್ಟು ಗಾತ್ರದ ಬಡಪಾಯಿ ಸುರುಳಿಗಳು, ಒಂದೆರಡು ಒಣಕಲು ಕೆಪಾಸಿಟರು, ಒಂದು ಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ ಸುತ್ತಿ ಅಂಟಿಸಿದ ಒಂದು ಇಟ್ಟಿಗೆಯಂಥದ್ದು. ಅವಳು ಪ್ಲಾಸ್ಟಿಕ್ ಹರಿದಳು. ಸಿಮೆಂಟ್. ಒಳ್ಳೆಯ ಮರಳು ಹಾಕಿ ಕಲಸಿದ, ಚೆನ್ನಾಗಿ ನೀರು ಕುಡಿಸಿದ ಸಿಮೆಂಟ್. ನಮ್ಮ ಮನೆಯ ಮೆಟ್ಟಿಲಿಗೂ ಅಷ್ಟು ಒಳ್ಳೆಯದು ಹಾಕಿಲ್ಲ.

ನಾನು ಬಿದ್ದು ಬಿದ್ದು ನಕ್ಕೆ. ಇಜೊಮಾರಣ್ಣ ನಗಲಿಲ್ಲ. ಅವನ ಕೈ ಹೀಗೆ ತೂಗುತ್ತದೆ ಎಂದು ತಿಳಿದ ಯಾವನೋ ಕಳ್ಳ ಆ ಕೈಗೆಂದೇ ಕಲಸಿ ಅಚ್ಚು ಹಾಕಿದ್ದ. ಅವತ್ತು ಅವನು ಹುರಿದ ಮೀನೂ ಅಸಾಯಿಯೂ ತಟ್ಟೆಯಲ್ಲಿ ಹಾಗೇ ಬಿಟ್ಟು ಎದ್ದುಹೋದ, ನನಗೆ ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯಿತು.

ಮರುದಿನ ಜಸಿಯಾರಾ ತನ್ನ ಅಂಗಡಿಯಿಂದ ಚಿಕ್ಕ ಜಾತಿಯ ಪವರ್ ಸಪ್ಲೈ ತಂದಳು. ಅಪ್ಪನ ಡಬ್ಬಿಯ ಅರ್ಧ ಗಾತ್ರ, ಅರ್ಧಕ್ಕಿಂತ ಕಡಿಮೆ ತೂಕ. ಇಜೊಮಾರಣ್ಣ ಅದನ್ನು ಕೈಯಲ್ಲಿ ಎತ್ತಿದ, ಮುಖ ಹುಳಿ ಮಾಡಿಕೊಂಡ. ಈ ಸಲ ಮಾತ್ರ ತಾನೇ ಬಿಚ್ಚಿದ. ಒಳಗೆ ಬೆರಳು ತೂರಲೂ ಜಾಗವಿಲ್ಲದಂತೆ ಸಾಮಾನು ತುಂಬಿತ್ತು. ಕಬ್ಬಿಣದ ಗಟ್ಟಿ ಇಲ್ಲ. ಆ ಕೆಲಸವನ್ನೆಲ್ಲ ಈಗ ಬೇರೆ ಥರ ಮಾಡುತ್ತಾರೆ ಎಂದು ಮಗಳು ಹೇಳಿಕೊಟ್ಟಳು. ಅವನು ಬಾಯಲ್ಲಿ ಒಪ್ಪಲಿಲ್ಲ. ಹಿತ್ತಲಿನಲ್ಲಿ ಕಾರಿನ ಹನ್ನೆರಡು ಹೆಡ್‌ಲೈಟ್ ಬಲ್ಬುಗಳನ್ನು ಸಾಲಾಗಿ ಕಟ್ಟಿ ಆ ಪುಟ್ಟ ಡಬ್ಬಿಗೆ ಸಿಕ್ಕಿಸಿ, ಮೀಟರ್ ಹಿಡಿದು ಮುಕ್ಕಾಲಿಯ ಮೇಲೆ ಕೂತ.

ನಮ್ಮಲ್ಲಿ ದೊಡ್ಡ ಸ್ಪೀಕರು ಗುಡುಗಿದರೆ ಅಕ್ಕಪಕ್ಕದ ಬೀದಿಯ ದೀಪಗಳೇ ಮಂಕಾಗುತ್ತವೆ. ನೂರಿಪ್ಪತ್ತೇಳು ವೋಲ್ಟು ಇರಬೇಕಾದ್ದು ತೊಂಬತ್ತೈದಕ್ಕೆ ಬಂದುಬಿಡುತ್ತದೆ. ಅದನ್ನು ತಡೆಯುತ್ತದೆಯೇ ಇಲ್ಲವೇ ನೋಡಬೇಕು. ಅದಕ್ಕೆ ಬಲಿಯಾದವಳು ನಾನು.

"ಲಿಂಡಾಲ್ವಾ, ಯಂತ್ರ ಹಾಕು!" ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದ. ನನ್ನ ಹಳೆಯ ಮೋಟಾರು ಗುರ್ ಎನ್ನುತ್ತಿತ್ತು, ನಮ್ಮೆರಡೂ ಮನೆಯ ದೀಪ ಮಂಕಾಗುತ್ತಿತ್ತು. "ಈಗ ನಿಲ್ಸು! ಈಗ ಹಾಕು!"

"ಅಣ್ಣಾ, ಜನ ಪಾತ್ರೆ ಹಿಡ್ಕೊಂಡು ನಿಂತಿದಾರೆ, ಇದೇನು ಮಕ್ಕಳಾಟಾನಾ?"

"ಇನ್ನೊಂದೇ ಸಲ ಮಾರಾಯ್ತಿ!"

ಇನ್ನೊಂದೇ ಸಲ ಎಂದು ನಲವತ್ತು ಸಲವಾಯಿತು. ಮಳೆ ಬಂತು, ನಿಂತಿತು. ಹನ್ನೆರಡೂ ಬಲ್ಬು ಮಿಸುಕಾಡದೆ ಉರಿದವು. ಮೀಟರು ಹನ್ನೆರಡು ವೋಲ್ಟಿನಿಂದ ಅಲುಗಲಿಲ್ಲ. ಸಂಜೆ ಅವನು ಆ ಡಬ್ಬಿಯ ಮೈ ಮುಟ್ಟಿ ನೋಡಿ, ಬಿಸಿಯೂ ಆಗಿಲ್ಲವಲ್ಲ ಎಂದು ತನ್ನಷ್ಟಕ್ಕೇ ಅಂದದ್ದು ನನಗೆ ಕೇಳಿಸಿತು. ಜಸಿಯಾರಾಳ ಊಟದ ತಟ್ಟೆಗೆ ದೊಡ್ಡ ಮೀನಿನ ತುಂಡು ಹಾಕಿದ, ಅಷ್ಟೇ.

ಮಾರನೆಯ ದಿನ ಡಬ್ಬಿಯನ್ನು ದೋನಾ ಓಸ್ಮಾರಿನಾಗೆ ತೋರಿಸಲು ಹೋದ. ಅವರು ಮಾಡಿದ್ದೇನು? ಅಂಗೈ ಮೇಲಿಟ್ಟುಕೊಂಡರು. ಕಣ್ಣು ಮುಚ್ಚಿದರು. ಮೂರು ಸಲ ಆಡಿಸಿದರು.

"ಇಜೊಮಾರ್, ನಿನ್ ತಲೆ ಕೆಟ್ಟಿದ್ಯಾ? ಗಾಳಿ ಮಾರಿದಾರಲ್ಲೋ ನಿಂಗೆ!"

"ಅಲ್ಲ ದೋನಾ, ಇದು..."

"ಏನು ಅಲ್ಲ? ಹಗುರ ಅಂದ್ರೆ ಕಳ್ಳಮಾಲು ಅಂತ ನಂಗೆ ಹೇಳ್ಕೊಟ್ಟೋನು ಯಾರು? ನೀನೇ ತಾನೆ? ನಾಳೆ ಭಾರದ್ದು ತಗೊಂಡ್ ಬಾ. ಇಲ್ದಿದ್ರೆ ಕಂಪನಿಯವರಿಗೆ ಈಗ್ಲೇ ಫೋನ್ ಮಾಡ್ತೀನಿ."

ಅಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. 'ನಾನು ಕಲಿಸಿದ್ದು ಹಳೇ ಕಾಲದ್ದು, ಈಗ ಅದು ತಪ್ಪು.' ಆದರೆ ಮೂವತ್ತು ವರ್ಷದಿಂದ ಎಲ್ಲರೂ ಕೈ ಕಟ್ಟಿ ಕೇಳಿದ ಮಾತನ್ನು ವಾಪಸು ನುಂಗುವುದು ಸುಲಭವಲ್ಲ. ತಲೆ ತಗ್ಗಿಸಿಕೊಂಡು ಡಬ್ಬಿಯನ್ನು ಕಂಕುಳಲ್ಲಿಟ್ಟು ಸೀದಾ ನನ್ನ ಮನೆಗೆ ಬಂದ.

"ಲಿಂಡಾಲ್ವಾ, ನಿನ್ ಗಂಡನ ಹಳೇ ಬಲೆ ಇದ್ಯಾ?"

"ಇದೆ. ಮೀನ್ ಹಿಡಿಯೋಕೆ ಹೊರಟ್ಯಾ?"

"ಅದ್ರ ಸೀಸದ ಗುಂಡು ಬೇಕು."

ನನಗೆ ಆಗಲೇ ಹೊಳೆಯಿತು. ಬೈಯಬೇಕಿತ್ತು. ಆದರೆ ಅವನ ಮುಖ ನೋಡಿ ಬೈಯಲಾಗಲಿಲ್ಲ, ನಾನೇ ಕತ್ತರಿ ತಂದು ಬಲೆಯ ಅಂಚಿನಿಂದ ಗುಂಡುಗಳನ್ನು ಬಿಡಿಸಿಕೊಟ್ಟೆ. ಕೇಜಿ ಮೇಲೆ ಕಾಲು ಆಯಿತು. ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಸುತ್ತಿ, ಎರಡು ಬದಿ ಅಂಟಿನ ಟೇಪ್ ಹಾಕಿ ಡಬ್ಬಿಯ ಮಗ್ಗುಲಿಗೆ, ಅದರದೇ ಭಾಗ ಎನ್ನುವಂತೆ ನೀಟಾಗಿ ಅಂಟಿಸಿದ. ಸಿಮೆಂಟ್ ಕಲಸಿದ ಕಳ್ಳನನ್ನು ಎರಡು ದಿನ ಬೈದವನು ಈಗ ಅದೇ ಕಸುಬಿಗೆ ಕೂತಿದ್ದ. ಹಾಗೆಂದು ಹೇಳಿಯೂ ಹೇಳಿದೆ.

"ಅವ್ನು ಕೆಟ್ಟದ್ನ ಒಳ್ಳೇದು ಅಂತ ತೋರ್ಸೋಕೆ ತೂಕ ಹಾಕ್ದ. ನಾನು ಒಳ್ಳೇದನ್ನ ಒಳ್ಳೇದು ಅಂತ ತೋರ್ಸೋಕೆ ಹಾಕ್ತಿದೀನಿ. ಎರಡೂ ಒಂದೇನಾ?"

"ಜಸಿಯಾರಾನ ಕೇಳು."

"ಅವಳಿಗೆ ಹೇಳ್ಬೇಡ."

ಮರುದಿನ ದೋನಾ ಮತ್ತೆ ತೂಗಿದರು, "ಈಗ ನೋಡು, ಇದು ಸಾಮಾನು" ಎಂದರು. ಜಸಿಯಾರಾ ಅಂಗಡಿಯಲ್ಲಿದ್ದ ಹೊತ್ತು ನೋಡಿಕೊಂಡು ಇಜೊಮಾರಣ್ಣ ತಾನೇ ಅದನ್ನು ಕಂಪ್ಯೂಟರಿನಲ್ಲಿ ಕೂರಿಸಿ, ಕಂಪ್ಯೂಟರನ್ನು ಹಕ್ಕಿಯ ಕತ್ತಿನಲ್ಲಿ ಕೂರಿಸಿ ಮುಚ್ಚಳ ಬಿಗಿದ. ಸೀಸವನ್ನು ಕಿತ್ತು ತೆಗೆಯುವ ಯೋಚನೆಯೇನೋ ಇತ್ತು. ದೋನಾ ಕತ್ತಿನ ಕೆಳಗೇ ಕುರ್ಚಿ ಹಾಕಿಕೊಂಡು ಅಲುಗದೆ ನೋಡುತ್ತ ಕೂತಿದ್ದರು.

ಭಾನುವಾರ ಮಳೆ ಎರಡಕ್ಕೆ ಬಂದು ಮೂರಕ್ಕೆ ಬಿಟ್ಟಿತು. ನದಿ ದಂಡೆಯಲ್ಲಿ ಎರಡು ಸಾವಿರ ಜನ. ನಾನೂ ಡಬ್ಬಕ್ಕೆ ಅಸಾಯಿ ತುಂಬಿಕೊಂಡು ಹಕ್ಕಿಯ ಪಕ್ಕದಲ್ಲೇ ಅಂಗಡಿ ಹಾಕಿದ್ದೆ. ಹಕ್ಕಿ ಕತ್ತೆತ್ತಿತು, ರೆಕ್ಕೆಗಳ ಮೇಲೆ ಬೆಂಕಿ ಹೊತ್ತಿಕೊಂಡಿತು, ಜನ ಹುಚ್ಚೆದ್ದು ಕೂಗಿದರು. ಸ್ಪೀಕರು ಗುಡುಗಿದಾಗೆಲ್ಲ ನನ್ನ ಬಲ್ಬು ಮಂಕಾಗುತ್ತಿತ್ತು, ರೆಕ್ಕೆ ಮಾತ್ರ ಮಿಣುಕಲಿಲ್ಲ. ಇಜೊಮಾರಣ್ಣ ಕೈಕಟ್ಟಿ ನಿಂತು ಮೆಲ್ಲಗೆ ನಗುತ್ತಿದ್ದ.

ನಲವತ್ತು ನಿಮಿಷಕ್ಕೆ ಎರಡೂ ರೆಕ್ಕೆ ಒಮ್ಮೆಗೇ ಕಪ್ಪಾದವು.

ಹಾಡು ನಿಲ್ಲಲಿಲ್ಲ, ಜನ ನಿಂತರು. ಇಜೊಮಾರಣ್ಣ ಏಣಿ ಹತ್ತಿ ಕತ್ತಿನ ಮುಚ್ಚಳ ತೆಗೆದ. ಹಿಂದೆಯೇ ಜಸಿಯಾರಾ ಹತ್ತಿದಳು. ಅವಳ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಆ ಪುಟ್ಟ ಪೆಟ್ಟಿಗೆಯಲ್ಲಿ ಗಾಳಿ ಆಡಲೆಂದು ಇದ್ದದ್ದು ಎರಡು ಬೆರಳಿನ ಸಂದು, ಆ ಸಂದಿನಲ್ಲಿ ನನ್ನ ಗಂಡನ ಬಲೆಯ ಸೀಸ ಕೂತಿತ್ತು. ಉಸಿರು ಕಟ್ಟಿದ ಪವರ್ ಸಪ್ಲೈ ಸುಟ್ಟುಹೋಗುವ ಬದಲು ತಾನಾಗಿ ಆಫ್ ಆಗಿತ್ತು. ಒಳ್ಳೆಯ ಸಾಮಾನು ಮಾಡುವ ಕೆಲಸವೇ ಅದು ಎಂದು ಜಸಿಯಾರಾ ಆಮೇಲೆ ಹೇಳಿದಳು. ಇಜೊಮಾರಣ್ಣ ಬರಿಗೈಯಲ್ಲಿ ಸೀಸ ಕಿತ್ತ. ಬೆರಳು ಸುಟ್ಟವು. ಮಗಳು ರಟ್ಟಿನಿಂದ ಗಾಳಿ ಬೀಸಿದಳು. ನಾಲ್ಕು ನಿಮಿಷ. ನನ್ನ ಜನ್ಮದಲ್ಲಿ ಅಷ್ಟು ಉದ್ದದ ನಾಲ್ಕು ನಿಮಿಷ ಕಂಡಿಲ್ಲ. ಆಮೇಲೆ ಬೆಂಕಿ ಮತ್ತೆ ರೆಕ್ಕೆ ತುಂಬ ಹರಡಿತು.

ದೋನಾ ಓಸ್ಮಾರಿನಾ ಹಾಡು ನಿಲ್ಲಿಸಿ ಕತ್ತೆತ್ತಿ ಕೇಳಿದರು. ಮೈಕಿನಲ್ಲೇ ಕೇಳಿದರು, ಇನ್ನೆಲ್ಲಿ ಕೇಳುತ್ತಾರೆ?

"ಏನಾಯ್ತು ಇಜೊಮಾರ್? ಆ ಡಬ್ಬೀದೇ ತಾನೆ ತಪ್ಪು?"

ಹೂಂ ಎಂದಿದ್ದರೆ ಸಾಕಿತ್ತು. ತಪ್ಪು ಡಬ್ಬಿಯದು, ಮೋಸ ಅಂಗಡಿಯವನದು, ಇವನು ಪಾಪದವನು. ಸೀಸ ಆಗಲೇ ಜೇಬಿನಲ್ಲಿತ್ತು. ನಾನಂತೂ ಹೂಂ ಅನ್ನಪ್ಪಾ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಅವನು ಏಣಿಯಿಂದ ಇಳಿದು ಬಂದು ಜೇಬಿನಿಂದ ಆ ರಬ್ಬರಿನ ಗಂಟು ತೆಗೆದು ಅವರ ಮುಂದೆ ಹಿಡಿದ.

"ಡಬ್ಬೀದಲ್ಲ ದೋನಾ. ನಂದು." ಮೈಕ್ ಅವನ ಮೂಗಿನ ಹತ್ತಿರವೇ ಇತ್ತು. ನಲವತ್ತು ಸ್ಪೀಕರಿನಲ್ಲಿ ಅವನ ಕೀರಲು ದನಿ ನದಿಯಾಚೆಗೂ ಹೋಯಿತು. "ನೀವು ಹಗುರ ಅಂದ್ರಲ್ಲ ಅಂತ ಸೀಸ ಕಟ್ಟಿದ್ದೆ. ಅದು ಹಗುರ ಇದ್ದದ್ದೇ ಸರಿ ಇತ್ತು."

"ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನಂಬ್ತಿದ್ರಾ?"

ದೋನಾ ಸುಳ್ಳು ಹೇಳುವ ಹೆಂಗಸಲ್ಲ.

"ಇಲ್ಲ" ಎಂದರು, ಮೈಕಿನಲ್ಲೇ. ಎರಡು ಸಾವಿರ ಜನ ಘೊಳ್ಳೆಂದು ನಕ್ಕರು.

ನಗು ನಿಲ್ಲುವವರೆಗೆ ಕಾದು ಇಜೊಮಾರಣ್ಣ ಹೇಳಿದ, "ಕೈಯಲ್ಲಿ ತೂಗಿ ತಗೊಳ್ಳಿ ಅಂತ ನಿಮ್ಗೆಲ್ಲ ಹೇಳ್ಕೊಟ್ಟೋನು ನಾನು. ಹಿಂದೆ ಅದು ಸರಿ ಇತ್ತು. ಈಗ ತಪ್ಪು. ನಂಗೆ ಗೊತ್ತಾಗಿದ್ದು ಮೊನ್ನೆ. ಗೊತ್ತಾದ್ಮೇಲೂ ಹೇಳ್ಲಿಲ್ಲ." ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಗಂಟನ್ನು ದೋನಾ ಕೈಗೆ ಕೊಟ್ಟು ಲಾರಿಯ ಹಿಂದೆ ಹೋಗಿ ಕೂತ. ದೋನಾ ಮತ್ತೆ ಹಾಡು ಹಾಕಿದರು. ಕುಣಿತ ಕತ್ತಲಾಗುವವರೆಗೂ ನಡೆಯಿತು, ರೆಕ್ಕೆ ಇನ್ನೊಮ್ಮೆ ಕಪ್ಪಾಗಲಿಲ್ಲ. ಆದರೆ ದೋನಾ ಹೇಳಿದ ಮಾತು ಹೇಳಿದ್ದೇ. ಕಪ್ಪಾದರೆ ಮನೆಗೆ ಎಂದಿದ್ದರು, ಕಪ್ಪಾಗಿತ್ತು.

ಸೋಮವಾರ ಬೆಳಿಗ್ಗೆ ನಾನು ಅಸಾಯಿ ಸಿಗುತ್ತದೆ ಎನ್ನುವ ಗುರುತಿನ ಕೆಂಪು ಬಾವುಟ ಹಾಕಿ ಅಂಗಡಿ ತೆಗೆಯುವ ಹೊತ್ತಿಗೆ ಇಜೊಮಾರಣ್ಣನ ಬಾಗಿಲಲ್ಲಿ ಹನ್ನೊಂದು ಜನ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಅವನು ಕೊಡಿಸಿದ ಸ್ಟೆಬಿಲೈಜರು, ಚಾರ್ಜರು, ಪಾದ್ರಿಗಳ ಆಂಪ್ಲಿಫೈಯರ್. ಬಡಿಯಲು ಬಂದಿದ್ದಾರೆ ಎಂದುಕೊಂಡು ಅವನು ಬೆರಳಿಗೆ ಬಟ್ಟೆ ಸುತ್ತಿಕೊಂಡು ಜೋಲಿಯಲ್ಲೇ ಮುದುಡಿದ್ದ. ನಾನೇ ಹೋಗಿ ಎಬ್ಬಿಸಿದೆ.

"ಏಳಣ್ಣ. ಬಿಚ್ಚಿ ನೋಡ್ಬೇಕಂತೆ. ನೀನೇ ಬಿಚ್ಬೇಕಂತೆ."

ನಾಲ್ಕನೆಯವರಾಗಿ ದೋನಾ ಓಸ್ಮಾರಿನಾ ತಮ್ಮ ಫ್ರಿಜ್ಜಿನ ಸ್ಟೆಬಿಲೈಜರನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು. ಇಜೊಮಾರಣ್ಣ ಗಾಬರಿಯಿಂದ ಕುರ್ಚಿ ತಂದ.

"ಕುರ್ಚಿ ಬೇಡ. ಮುಂದಿರೋರದ್ದು ಮುಗಿಸು, ನನ್ ಸರದಿ ಬರ್ಲಿ. ಆಮೇಲೆ ಶುಕ್ರವಾರದ ಕುಣಿತಕ್ಕೆ ಲಾರಿ ಎಷ್ಟೊತ್ತಿಗೆ ಅಂತ ನನ್ನ ಕೇಳ್ಕೋ, ಮರೀಬೇಡ."

"ಕಂಪನಿಯವರು?"

"ಅವರ ಮಾಲು ಬಿಚ್ಚಿ ತೋರ್ಸಿ ಅಂದೆ. ಸೀಲ್ ಒಡೆಯಲ್ಲ ಅಂದ್ರು. ಹೋಗಿ ಅಂದೆ."

ಹನ್ನೊಂದು ಪೆಟ್ಟಿಗೆಯಲ್ಲಿ ಮೂರರಲ್ಲಿ ಸಿಮೆಂಟ್ ಸಿಕ್ಕಿತು. ಪ್ರತಿ ಸಲವೂ ಅವನು ತಾನೇ ಕಲಸಿದವನಂತೆ ತಲೆ ತಗ್ಗಿಸಿದ. ಕೊನೆಗೆ ನನ್ನ ಅಸಾಯಿ ಯಂತ್ರದ ಸ್ಟೆಬಿಲೈಜರು. ಹನ್ನೆರಡು ವರ್ಷದ ಹಿಂದೆ ಅವನೇ ಇಡೀ ಪೇಟೆ ಸುತ್ತಿ, ತೂಗಿ ತೂಗಿ ಕೊಡಿಸಿದ್ದು. ಬಿಚ್ಚಿದ. ಅರ್ಧ ಇಟ್ಟಿಗೆ. ಸಿಮೆಂಟೂ ಅಲ್ಲ, ಗೋಡೆಗೆ ಇಡುವ ಇಟ್ಟಿಗೆ! ಹನ್ನೆರಡು ವರ್ಷ ಅದಕ್ಕೆ ಬಟ್ಟೆ ಹೊದಿಸಿ, ಧೂಳು ಒರೆಸಿ, ಅದರ ಮುಂದೆ ಯಾರಿಗೂ ಜೋರಾಗಿ ನಡೆಯಲೂ ಬಿಡದೆ ಸಾಕಿದ್ದೆ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಒಂದು ಚೀಟಿಯಲ್ಲಿ ಹೊಸದರ ಹೆಸರು ಬರೆದು ಕೊಟ್ಟ, ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ.

ಮಧ್ಯಾಹ್ನದ ಮಳೆ ಬಿಟ್ಟ ಮೇಲೆ ಪೇಟೆಗೆ ಹೋದೆ. ಅಂಗಡಿಯವನು ಚೀಟಿ ನೋಡಿ ಒಳಗಿಂದ ಒಂದು ಡಬ್ಬಿ ತಂದಿಟ್ಟ. ಗುವಾಮಾದವಳು ಎಂದು ಗೊತ್ತಾಗಿರಬೇಕು, ನಕ್ಕು, "ತಗೊಳ್ಳಿ ಅಕ್ಕಾ, ಎತ್ತಿ ನೋಡಿ" ಎಂದ.

"ಬೇಡ" ಎಂದೆ. "ಇಜೊಮಾರಣ್ಣ ಬರ್ದಿದ್ದು ಇದೇ ತಾನೆ? ಕಟ್ಟಿಕೊಡು."